ಅಮರಾಪುರ ಸೀಮೆಯ ರೇಷನ್ ಮಷಿನ್: ಒಂದು ಗುಪ್ತ ಸಂಪರ್ಕದ ಚರಿತ್ರೆ

ನ್ಯಾಯಬೆಲೆ ಅಂಗಡಿಯ ಇ-ಪಾಸ್ ಯಂತ್ರ ಅಂಗೈಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಒಂದು ಸಣ್ಣ ಪ್ರೊಸೆಸರ್, ಸಿಮ್ ಕಾರ್ಡ್, ಬೆರಳಿಡಲು ಗಾಜಿನ ಕಿಂಡಿ, ರಸೀದಿ ಮುದ್ರಿಸುವ ಕಾಗದದ ಸುರುಳಿ ಮತ್ತು ಬ್ಯಾಟರಿ ಇರುತ್ತವೆ. ಕಾರ್ಡುದಾರರು ಹೆಬ್ಬೆಟ್ಟು ಒತ್ತಿದ ಕೆಲವು ಕ್ಷಣಗಳಲ್ಲಿ ಯಂತ್ರ ನೂರಾರು ಕಿಲೋಮೀಟರ್ ದೂರದ ಸರ್ವರ್‌ಗಳೊಡನೆ ಯಾರೂ ಕದ್ದು ಓದಲಾಗದ ಸಂಪರ್ಕ ಬೆಳೆಸಿ, ಅಕ್ಕಿ ಕೊಡಬಹುದೇ ಎಂದು ಕೇಳಿ ಉತ್ತರ ಪಡೆಯುತ್ತದೆ. ಆಂಧ್ರಪ್ರದೇಶದ ಮಡಕಶಿರಾ ಸೀಮೆಯ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಮಂಡಲಗಳಲ್ಲೂ ರಾಯದುರ್ಗದ ಕಡೆಯ ಹಳ್ಳಿಗಳಲ್ಲೂ ಕನ್ನಡ ಮನೆಮಾತಾದ ಸಾವಿರಾರು ಕುಟುಂಬಗಳು ತಿಂಗಳ ಅಕ್ಕಿಗೆ ಈ ಸಂಪರ್ಕವನ್ನೇ ನೆಚ್ಚಿವೆ. ಹಳ್ಳಿಯ ವ್ಯವಹಾರದಲ್ಲಿ ನಂಬಿಕೆ ಯಾರ ಕೈಯಲ್ಲಿತ್ತು, ಅದು ಹೇಗೆ ಕೈ ಬದಲಾಯಿಸಿತು ಎಂಬ ಉದ್ದನೆಯ ಕಥೆಯ ಇತ್ತೀಚಿನ ಘಟ್ಟ ಈ ಯಂತ್ರದ ಚರಿತ್ರೆ.

ಶಾನುಭೋಗರ ಕಾಲ

ಅಮರಾಪುರ ಮಂಡಲದಲ್ಲೇ ಇರುವ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಆ ಕಾಲದಲ್ಲಿ ದಾನ, ಮಾನ್ಯ, ಹಕ್ಕುಗಳಿಗೆ ಶಾಸನವೇ ಸಾಕ್ಷಿ. ಎಲ್ಲರ ಕಣ್ಣೆದುರು ಕಲ್ಲಿನಲ್ಲಿ ಕೊರೆದ ಮಾತನ್ನು ತಿದ್ದುವುದು ಸುಲಭವಿರಲಿಲ್ಲ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ದತ್ತಮಂಡಲಗಳಲ್ಲಿ ಈ ಸೀಮೆಯೂ ಸೇರಿತು. ಅಲ್ಲಿ 1807ರವರೆಗೆ ಆಡಳಿತ ನಡೆಸಿದ ಥಾಮಸ್ ಮನ್ರೊ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ. ಹೊಲ ಹೊಲಕ್ಕೂ ಲೆಕ್ಕ, ರೈತ ರೈತನಿಗೂ ಹೆಸರು ಬೇಕಾದಾಗ ಆ ಲೆಕ್ಕ ಬರೆಯುವವನ ಕೈ ಗಟ್ಟಿಯಾಯಿತು. ಕನ್ನಡದಲ್ಲಿ ಶಾನುಭೋಗ, ತೆಲುಗಿನಲ್ಲಿ ಕರಣಂ ಎನಿಸಿದ ಈ ವಂಶಪಾರಂಪರ್ಯ ಅಧಿಕಾರಿಗೆ ಊರಿನ ಪ್ರತಿಯೊಬ್ಬರ ಮುಖ ಗೊತ್ತಿತ್ತು. ‘ಇವನೇ ಅವನು’ ಎಂದು ಹೇಳುವ ಅಧಿಕಾರವೂ ಅವನದೇ ಆಗಿತ್ತು.

1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಯೋಜನೆ ತಂದಿತು. 1984ರಲ್ಲಿ ಅದೇ ಸರ್ಕಾರ ಕರಣಂ ಹುದ್ದೆಯನ್ನು ರದ್ದುಪಡಿಸಿತು. 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ರಚಿಸಿತು. ಅಗ್ಗದ ಅಕ್ಕಿ ಪಡೆಯಲು ಅರ್ಹರಾದವರ ಪಟ್ಟಿ ಬೆಳೆಯುತ್ತಿದ್ದ ಹೊತ್ತಿಗೇ ಮುಖ ಗುರುತಿಸುವ ಹಳೆಯ ಅಧಿಕಾರಿ ಮರೆಯಾದ. ಗುರುತಿನ ಭಾರವೆಲ್ಲ ರೇಷನ್ ಕಾರ್ಡ್ ಎಂಬ ಕಾಗದದ ಮೇಲೆ, ನ್ಯಾಯಬೆಲೆ ಅಂಗಡಿಯ ಡೀಲರ್ ಬರೆಯುವ ರಿಜಿಸ್ಟರ್ ಮೇಲೆ ಬಿತ್ತು. ಕಾಗದವನ್ನು ನಕಲು ಮಾಡುವುದು, ಸತ್ತವರ ಹೆಸರು ಉಳಿಸಿಕೊಳ್ಳುವುದು, ರಿಜಿಸ್ಟರಿನಲ್ಲಿ ಬೇರೆಯವರ ಹೆಬ್ಬೆಟ್ಟು ಒತ್ತುವುದು ಕಷ್ಟವಿರಲಿಲ್ಲ. ಒತ್ತಿದ ಹೆಬ್ಬೆಟ್ಟನ್ನು ಹೋಲಿಸಿ ನೋಡುವ ಏರ್ಪಾಡು ಹಳ್ಳಿಯಲ್ಲಿ ಇರಲಿಲ್ಲ.

ಬೆರಳನ್ನು ಗುರುತಾಗಿಸುವ ಆಡಳಿತ ಪದ್ಧತಿಗೆ ಭಾರತದಲ್ಲೇ ದೊಡ್ಡ ಚರಿತ್ರೆಯಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಂದು ಗುತ್ತಿಗೆ ಪತ್ರದ ಮೇಲೆ ರಾಜ್ಯಧರ ಕೋನಾಯಿ ಎಂಬವರ ಕೈಯಚ್ಚು ಪಡೆದ. 1877ರಲ್ಲಿ ಪಿಂಚಣಿ ಪಡೆಯುವವರಿಂದಲೂ ಆಸ್ತಿ ನೋಂದಣಿಗೆ ಬರುವವರಿಂದಲೂ ಬೆರಳಚ್ಚು ತೆಗೆದುಕೊಳ್ಳುವ ಕ್ರಮವನ್ನು ಜಾರಿಗೆ ತಂದ. ಸತ್ತ ಪಿಂಚಣಿದಾರರ ಹೆಸರಿನಲ್ಲಿ ಬೇರೆಯವರು ಹಣ ಪಡೆಯುವುದನ್ನು ತಡೆಯುವುದೇ ಇದರ ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಬೆಳೆಸಿದ ವರ್ಗೀಕರಣ ಜಗತ್ತಿನ ಪೊಲೀಸ್ ಇಲಾಖೆಗಳಿಗೆಲ್ಲ ಹರಡಿತು. ಆದರೆ ಹೋಲಿಕೆ ನೋಡಲು ತಜ್ಞರ ಕಣ್ಣೇ ಬೇಕಾಗಿತ್ತು. ಈ ಕೆಲಸ ಹಳ್ಳಿಯ ಅಂಗಡಿಗೆ ಬರಲು ಇನ್ನೂ ಒಂದು ಶತಮಾನ ಹಿಡಿಯಿತು.

ಕೂಲಿ ಹಣ ಮತ್ತು ಸ್ಮಾರ್ಟ್ ಕಾರ್ಡ್

ಕೈಯಲ್ಲಿ ಹಿಡಿಯುವ ಕಂಪ್ಯೂಟರನ್ನು ಬಡವರ ಬಳಕೆಗೆ ತರುವ ಮೊದಲ ದೊಡ್ಡ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಲಿನಕ್ಸ್ ಮೇಲೆ ನಡೆಯುತ್ತಿದ್ದ ಆ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿಯಿತ್ತು. ಊರಿಗೆ ಒಂದೇ ಯಂತ್ರ, ಪ್ರತಿಯೊಬ್ಬರಿಗೂ ಒಂದು ಕಾರ್ಡ್, ಅವರವರ ವಿವರ ಕಾರ್ಡಿನಲ್ಲೇ ಸುರಕ್ಷಿತ ಎಂಬುದು ಅದರ ಹಿಂದಿನ ಯೋಚನೆ. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಯೋಚನೆ ಮಾತ್ರ ಉಳಿಯಿತು.

ಅದಕ್ಕೆ ನೆಲೆ ಸಿಕ್ಕಿದ್ದು ಉದ್ಯೋಗ ಖಾತರಿ ಯೋಜನೆಯಿಂದ. 2006ರ ಫೆಬ್ರವರಿ 2ರಂದು ಪ್ರಧಾನಿ ಮನಮೋಹನ ಸಿಂಗ್ ಆ ಯೋಜನೆಗೆ ಚಾಲನೆ ಕೊಟ್ಟದ್ದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ. ಮಳೆ ಕಡಿಮೆಯ ಜಿಲ್ಲೆಯಲ್ಲಿ ಕೂಲಿ ಕೇಳುವವರು ಬಹಳ. ಕೂಲಿ ಮಾತ್ರ ಅಂಚೆ ಕಚೇರಿಯ ಮೂಲಕ ತಡವಾಗಿ ಬರುತ್ತಿತ್ತು. ಅದೇ ವರ್ಷ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಶಾಖೆಯಿಲ್ಲದ ಊರುಗಳಲ್ಲಿ ಪ್ರತಿನಿಧಿಗಳ ಮೂಲಕ ವ್ಯವಹಾರ ನಡೆಸಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತ್ತು. ಇವೆರಡನ್ನೂ ಜೋಡಿಸಿ ಆಂಧ್ರಪ್ರದೇಶ ಸರ್ಕಾರ ಸ್ಮಾರ್ಟ್ ಕಾರ್ಡ್ ಯೋಜನೆ ರೂಪಿಸಿತು. ಕೂಲಿಯನ್ನೂ ಪಿಂಚಣಿಯನ್ನೂ ಊರಿನಲ್ಲೇ, ಸಾಮಾನ್ಯವಾಗಿ ಸ್ವಸಹಾಯ ಸಂಘದ ಒಬ್ಬ ಮಹಿಳೆ, ಕೈಯಂತ್ರ ಹಿಡಿದು ಹಂಚುವ ಏರ್ಪಾಡು ಅದು. ಮೊದಲ ಗುತ್ತಿಗೆಗಳು ಕುಂಟಿದ ಎಂಟು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಅಲ್ಲಿ 2010ರಿಂದ ಕೆಲಸ ಹೊಸದಾಗಿ ಆರಂಭವಾಯಿತು.

ಆ ಯಂತ್ರಕ್ಕೆ ನೆಟ್‌ವರ್ಕ್ ಸದಾ ಬೇಕಾಗಿರಲಿಲ್ಲ. ಫಲಾನುಭವಿಯ ಬೆರಳಚ್ಚಿನ ಮಾದರಿ ಕಾರ್ಡಿನ ಚಿಪ್ಪಿನಲ್ಲೇ ಇರುತ್ತಿತ್ತು. ಬೆರಳಿಟ್ಟಾಗ ಯಂತ್ರ ಅದನ್ನು ಕಾರ್ಡಿನ ಮಾದರಿಯೊಡನೆ ತಾನೇ ಹೋಲಿಸಿ, ಹಣದ ಲೆಕ್ಕವನ್ನು ತನ್ನೊಳಗೆ ಬರೆದುಕೊಂಡು, ರಸೀದಿ ಕೊಡುತ್ತಿತ್ತು. ಕೆಲವು ಯಂತ್ರಗಳು ಮೊತ್ತವನ್ನು ತೆಲುಗಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದವು. ಓದಲು ಬಾರದವರಿಗೂ ತಮಗೆ ಎಷ್ಟು ಬಂತೆಂದು ತಿಳಿಯಲಿ ಎಂಬುದೇ ಇದರ ಉದ್ದೇಶ. ಕನ್ನಡ ಮನೆಮಾತಿನ ಗಡಿ ಹಳ್ಳಿಗಳಿಗೆ ಈ ಸೌಲಭ್ಯ ಬಂದದ್ದು ಕಚೇರಿಯ ಭಾಷೆಯಲ್ಲಿ.

ಯೋಜನೆಯ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಆ ಎಂಟು ಜಿಲ್ಲೆಗಳಲ್ಲೇ ಅಳೆದರು. ಯಾವ ಮಂಡಲಕ್ಕೆ ಯಂತ್ರ ಮೊದಲು ಹೋಗಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸಿದ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕೂಲಿ ಪಡೆಯಲು ಹಿಡಿಯುವ ಸಮಯ ಪ್ರತಿ ಸಲಕ್ಕೆ ಸುಮಾರು 22 ನಿಮಿಷ ಇಳಿದಿತ್ತು. ಹಣ ಆರರಿಂದ ಹತ್ತು ದಿನ ಬೇಗ ಬರುತ್ತಿತ್ತು. ಉದ್ಯೋಗ ಖಾತರಿಯಲ್ಲಿ ಸೋರಿಕೆ ಶೇ. 41ರಷ್ಟು ತಗ್ಗಿತ್ತು. ಫಲಾನುಭವಿಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಹೊಸ ಪದ್ಧತಿಯೇ ಇರಲಿ ಎಂದರು. ಹಣ ಕೈಗೆ ಬರುವ ಜಾಗ ಊರೊಳಗೇ ಆದದ್ದೂ ಈ ಒಳಿತಿಗೆ ಒಂದು ಕಾರಣ.

ಸಣ್ಣ ಯಂತ್ರಕ್ಕೆ ದೊಡ್ಡ ಬೀಗ

ಕಾರ್ಡಿನ ಪದ್ಧತಿಗೆ ಒಂದು ಮಿತಿಯಿತ್ತು. ಲೆಕ್ಕ ಸರ್ವರ್ ಸೇರುವುದು ಯಂತ್ರ ನೆಟ್‌ವರ್ಕಿಗೆ ಬಂದಾಗ ಮಾತ್ರ. ಒಬ್ಬರ ಕಾರ್ಡ್ ಬೇರೆ ಕಡೆಯ ಯಂತ್ರದಲ್ಲಿ ನಡೆಯಬೇಕಾದರೆ, ತಪ್ಪು ಹೆಸರನ್ನು ಆ ಕ್ಷಣವೇ ತಡೆಯಬೇಕಾದರೆ, ಯಂತ್ರ ಪ್ರತಿ ಸಲವೂ ಸರ್ವರ್‌ನೊಡನೆ ಮಾತಾಡಬೇಕು. ಆ ಮಾತು ಸಾಗುವುದು ಮೊಬೈಲ್ ಟವರ್, ಕಂಪನಿಯ ತಂತಿ, ಇಂಟರ್ನೆಟ್ ಎಂಬ ಪರರ ದಾರಿಗಳಲ್ಲಿ. 2ಜಿ ಮೊಬೈಲಿನ ಸಂಕೇತವನ್ನು ಮರೆಮಾಚುವ ಎ5/1 ವಿಧಾನ ಫೋನಿನಿಂದ ಟವರ್‌ವರೆಗಷ್ಟೇ ಕಾಯುತ್ತದೆ. 2009ರ ಹೊತ್ತಿಗೆ ಅದನ್ನು ಒಡೆಯುವ ದಾರಿಯೂ ಬಹಿರಂಗವಾಗಿತ್ತು. ಆದ್ದರಿಂದ ದಾರಿಯನ್ನು ನಂಬದೆ ಎರಡು ತುದಿಗಳನ್ನು ಮಾತ್ರ ನಂಬುವ ವಿಧಾನ ಬೇಕಾಯಿತು.

ಅದಕ್ಕೆ ಬೇಕಾದ ಗಣಿತ ಸಿದ್ಧವಿತ್ತು. ಹಿಂದೆಂದೂ ಭೇಟಿಯಾಗದ ಇಬ್ಬರು ಎಲ್ಲರೆದುರು ಮಾತಾಡುತ್ತಲೇ ಒಂದು ಗುಪ್ತ ಕೀಲಿಯನ್ನು ಗೊತ್ತುಮಾಡಿಕೊಳ್ಳಬಹುದೆಂದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ತೋರಿಸಿದರು. ಮುಂದಿನ ವರ್ಷ ಬಂದ ಆರ್‌ಎಸ್‌ಎ ವಿಧಾನದಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿ: ಬೀಗ ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು, ತೆಗೆಯುವ ಕೀಲಿ ಒಡೆಯನ ಬಳಿ ಮಾತ್ರ ಇರುತ್ತದೆ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಈ ಗಣಿತವನ್ನು ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ಜಾಲದ ಬಳಕೆಗೆ ತಂದಿತು. 1999ರಲ್ಲಿ ಅದು ಟಿಎಲ್‌ಎಸ್ ಎಂಬ ಸಾರ್ವಜನಿಕ ಮಾನಕವಾಯಿತು. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಬಲ ಕೊಟ್ಟಿತು.

ಟಿಎಲ್‌ಎಸ್ ಸಂಪರ್ಕ ಹಂತ ಹಂತವಾಗಿ ಕಟ್ಟಿಕೊಳ್ಳುತ್ತದೆ. ಯಂತ್ರ ಮೊದಲು ತನಗೆ ಗೊತ್ತಿರುವ ಸಂಕೇತ ವಿಧಾನಗಳ ಪಟ್ಟಿ ಕಳಿಸುತ್ತದೆ. ಸರ್ವರ್ ಅದರಲ್ಲೊಂದನ್ನು ಆರಿಸಿ ತನ್ನ ಪ್ರಮಾಣಪತ್ರ ತೋರಿಸುತ್ತದೆ. ತಯಾರಿಯ ವೇಳೆಯಲ್ಲೇ ಯಂತ್ರದಲ್ಲಿ ಇಟ್ಟಿರುವ ಮೂಲ ಪ್ರಮಾಣಪತ್ರದ ಸಹಿ ಅದಕ್ಕೆ ಹೊಂದುತ್ತದೆಯೇ, ಅವಧಿ ಮುಗಿದಿಲ್ಲವೇ, ಹೆಸರು ಸರಿಯಿದೆಯೇ ಎಂದು ಯಂತ್ರ ಪರೀಕ್ಷಿಸುತ್ತದೆ. ಆಮೇಲೆ ಎರಡೂ ಕಡೆ ಸೇರಿ ಆ ಸಲಕ್ಕೆ ಮಾತ್ರ ಸಲ್ಲುವ ಒಂದು ಕೀಲಿ ಮಾಡಿಕೊಳ್ಳುತ್ತವೆ. ಮುಂದಿನ ಮಾತೆಲ್ಲ ಆ ಕೀಲಿಯಿಂದ ಮುಚ್ಚಿ ಸಾಗುತ್ತದೆ.

ಮೇಜಿನ ಮೇಲಿನ ಕಂಪ್ಯೂಟರಿಗೆ ಇದು ಹೊರೆಯಲ್ಲ. ಸಣ್ಣ ಯಂತ್ರಕ್ಕೆ ಪ್ರತಿ ಹಂತದಲ್ಲೂ ಒಂದು ತೊಡಕಿದೆ. ದೊಡ್ಡ ಸಂಖ್ಯೆಗಳ ಲೆಕ್ಕ ನಿಧಾನವಾಗಿ ಸಾಗಿ ಬ್ಯಾಟರಿ ತಿನ್ನುತ್ತದೆ. 1985ರಲ್ಲಿ ನೀಲ್ ಕೋಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಸೂಚಿಸಿದ ದೀರ್ಘವೃತ್ತೀಯ ವಕ್ರರೇಖೆಗಳ ವಿಧಾನ ಇಲ್ಲಿ ನೆರವಿಗೆ ಬಂತು. ಅದರಲ್ಲಿ 256 ಬಿಟ್‌ಗಳ ಕೀಲಿ ಆರ್‌ಎಸ್‌ಎಯ 3072 ಬಿಟ್‌ಗಳ ಕೀಲಿಯಷ್ಟು ಭದ್ರ. ಗಡಿಯಾರದ್ದು ಇನ್ನೊಂದು ತೊಡಕು. ಒಳಗಿನ ಗುಂಡಿ ಸೆಲ್ ಸತ್ತು ದಿನಾಂಕ ಹಿಂದೆ ಹೋದರೆ, ಸರಿಯಾದ ಪ್ರಮಾಣಪತ್ರವೂ ಯಂತ್ರಕ್ಕೆ ‘ಇನ್ನೂ ಜಾರಿಗೆ ಬಾರದ’ ಪತ್ರವಾಗಿ ಕಂಡು ಸಂಪರ್ಕ ಮುರಿಯುತ್ತದೆ. ಕೀಲಿ ಊಹಿಸಲಾಗದಂತಿರಲು ಬೇಕಾದ ಯಾದೃಚ್ಛಿಕ ಸಂಖ್ಯೆಗಳದ್ದು ಮೂರನೆಯ ತೊಡಕು. ಆಗತಾನೆ ಹೊತ್ತಿಕೊಂಡ ಪುಟ್ಟ ಯಂತ್ರದಲ್ಲಿ ಅಂಥ ಅನಿಶ್ಚಿತತೆಯ ಮೂಲಗಳು ಕಡಿಮೆ. 2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಡೀ ಇಂಟರ್ನೆಟ್ಟನ್ನು ಜಾಲಾಡಿದಾಗ, ಇದೇ ಕಾರಣಕ್ಕೆ ಸಾವಿರಾರು ಸಣ್ಣ ಉಪಕರಣಗಳು ಒಂದೇ ಕೀಲಿಯನ್ನೋ ಸುಲಭವಾಗಿ ಒಡೆಯುವ ಕೀಲಿಯನ್ನೋ ಬಳಸುತ್ತಿದ್ದುದು ಕಂಡುಬಂತು.

ಆಧಾರ್: ಬೆರಳಿಗೆ ಲಕೋಟೆ

ವಿಶಿಷ್ಟ ಗುರುತಿನ ಪ್ರಾಧಿಕಾರ 2009ರಲ್ಲಿ ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಆರಂಭವಾಯಿತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿಯಲ್ಲಿ ಕೊಡಲಾಯಿತು. ಬೆರಳಚ್ಚಿನ ಮಾದರಿ ಕಾರ್ಡಿನಲ್ಲಿರುವ ಬದಲು ಕೇಂದ್ರದ ಭಂಡಾರದಲ್ಲಿ ಇರುವುದು, ಪ್ರತಿ ಸಲವೂ ಅಲ್ಲಿಯೇ ಹೋಲಿಕೆ ನಡೆಯುವುದು ಈ ಪದ್ಧತಿಯ ತಿರುಳು. ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲೂ ಹರಿಯಾಣದ ಮಾನೇಸರದಲ್ಲೂ ಇವೆ.

ಈ ಪದ್ಧತಿಯಲ್ಲಿ ಎರಡು ಪದರ ಗೂಢಲಿಪಿ ಇದೆ. ಯಂತ್ರ ಬೆರಳಿನ ಗೆರೆಗಳು ಕೊನೆಗೊಳ್ಳುವ, ಕವಲೊಡೆಯುವ ಬಿಂದುಗಳನ್ನು ಗುರುತಿಸಿ, ಆ ವಿವರಕ್ಕೆ ದಿನಾಂಕ ಮತ್ತು ಸಮಯ ಸೇರಿಸಿ ಒಂದು ಕಟ್ಟು ಮಾಡುತ್ತದೆ. ಆ ಸಲಕ್ಕೆಂದೇ ಹುಟ್ಟಿಸಿದ 256 ಬಿಟ್‌ಗಳ ಎಇಎಸ್ ಎಂಬ ಸಂಕೇತ ವಿಧಾನದ ಕೀಲಿಯಿಂದ ಕಟ್ಟನ್ನು ಮುಚ್ಚುತ್ತದೆ. ಆ ಕೀಲಿಯನ್ನು ಪ್ರಾಧಿಕಾರದ 2048 ಬಿಟ್‌ಗಳ ಸಾರ್ವಜನಿಕ ಆರ್‌ಎಸ್‌ಎ ಕೀಲಿಯಿಂದ ಮುಚ್ಚುತ್ತದೆ. ಇದು ಒಳಗಿನ ಲಕೋಟೆ. ಹೊರಗೆ ಸರ್ವರ್‌ನೊಡನೆ ಬೆಳೆಸಿದ ಸುರಕ್ಷಿತ ಸಂಪರ್ಕದ ಹೊದಿಕೆಯಿರುತ್ತದೆ. ಸರ್ವರ್‌ಗಳಿಂದ ಮುಂದೆ ಪ್ರಾಧಿಕಾರದವರೆಗಿನ ದಾರಿ ಅಧಿಕೃತ ಸಂಸ್ಥೆಗಳ ಖಾಸಗಿ ಸಂಪರ್ಕಗಳಲ್ಲಿ ಸಾಗುತ್ತದೆ. ಡೀಲರ್, ಮೊಬೈಲ್ ಕಂಪನಿ, ರಾಜ್ಯದ ಇಲಾಖೆ ಯಾರಿಗೂ ಒಳಗಿನ ಲಕೋಟೆ ತೆರೆಯಲು ಬರುವುದಿಲ್ಲ. ಪ್ರಾಧಿಕಾರ ಅದನ್ನು ತೆರೆದು ಹೋಲಿಸಿ, ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಡಿಜಿಟಲ್ ಸಹಿಯೊಡನೆ ಹಿಂದಿರುಗಿಸುತ್ತದೆ.

ಆಂಧ್ರಪ್ರದೇಶ 2015ರಿಂದ ನ್ಯಾಯಬೆಲೆ ಅಂಗಡಿಗಳಿಗೆ ಇ-ಪಾಸ್ ಯಂತ್ರಗಳನ್ನು ಹಂತ ಹಂತವಾಗಿ ಹಂಚಿತು. ಅದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಹೈದರಾಬಾದ್ ಘಟಕ ರೂಪಿಸಿತು. ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನೂ ಅದಕ್ಕೆ ಜೋಡಿಸಿ, ತೂಗಿದ ಅಕ್ಕಿಯ ತೂಕ ತಾನಾಗಿ ಲೆಕ್ಕಕ್ಕೆ ಬರುವಂತೆ ಮಾಡಲಾಯಿತು.

ಜನರ ಮಾತಿನಲ್ಲಿ ಇದು ‘ತಂಬ್ ಕೊಡುವುದು’. ತಂಬ್ ಬೀಳದಿದ್ದರೆ ‘ಸರ್ವರ್ ಇಲ್ಲ’ ಎಂಬ ಒಂದೇ ಮಾತು ಎಲ್ಲ ಕಾರಣಗಳನ್ನೂ ಮುಚ್ಚಿಬಿಡುತ್ತದೆ. ನಿಜದಲ್ಲಿ ಕಾರಣಗಳು ಬೇರೆ ಬೇರೆ. ಸಿಗ್ನಲ್ ಕ್ಷೀಣವಾಗಿದ್ದರೆ ಟಿಎಲ್‌ಎಸ್‌ನ ಆರಂಭದ ಮಾತುಕತೆಯೇ ಪೂರ್ತಿಯಾಗುವುದಿಲ್ಲ. ಸಂಪರ್ಕ ಆದರೂ ಶೇಂಗಾ ಕೀಳುವ, ಮಣ್ಣು ಹೊರುವ, ಕಲ್ಲು ಒಡೆಯುವ ಕೈಗಳ ಸವೆದ ಗೆರೆಗಳು ಮಾದರಿಗೆ ಹೊಂದದಿರಬಹುದು. ಮುದುಕರ ಒಣ ಚರ್ಮವೂ ಹಾಗೆಯೇ. ಇದಕ್ಕೆ ಪರಿಹಾರವಾಗಿ ಎರಡು ಬೆರಳುಗಳ ವಿವರವನ್ನು ಕೂಡಿಸಿ ನೋಡುವ ವಿಧಾನ, ಕಣ್ಣಿನ ಪಾಪೆ ಓದುವ ಉಪಕರಣ, ಅದೂ ಆಗದಿದ್ದರೆ ಗ್ರಾಮ ಕಂದಾಯ ಅಧಿಕಾರಿಯೇ ತನ್ನ ಬೆರಳಿಟ್ಟು ದೃಢೀಕರಿಸುವ ಏರ್ಪಾಡು ಬಂದವು. 1984ರಲ್ಲಿ ರದ್ದಾದ ಅಧಿಕಾರಿಯ ಕೆಲಸದ ಒಂದು ತುಣುಕು, ಯಂತ್ರ ಸೋತ ಜಾಗದಲ್ಲಿ ಬೇರೆ ಹೆಸರಿನಿಂದ ಮರಳಿತು.

ಈ ಬದಲಿ ದಾರಿಗಳು ಏಕೆ ಮುಖ್ಯ ಎಂಬುದಕ್ಕೆ ಜಾರ್ಖಂಡಿನ ಅನುಭವ ಸಾಕ್ಷಿ. ಆಂಧ್ರದ ಸ್ಮಾರ್ಟ್ ಕಾರ್ಡನ್ನು ಮೆಚ್ಚಿದ ಅದೇ ಸಂಶೋಧಕರು ಅಲ್ಲಿನ ರೇಷನ್ ಅಂಗಡಿಗಳ ಆಧಾರ್ ದೃಢೀಕರಣವನ್ನು ಅಧ್ಯಯನ ಮಾಡಿದಾಗ, ಸರಾಸರಿ ಸೋರಿಕೆ ತಗ್ಗಿದ್ದು ಕಾಣಲಿಲ್ಲ. ಆಧಾರ್ ಜೋಡಣೆ ಆಗದಿದ್ದ ಕುಟುಂಬಗಳಿಗೆ ದೊರೆಯುವ ಪಡಿತರ ಶೇ. 10ರಷ್ಟು ಕುಸಿದಿತ್ತು. ಎರಡು ಕಡೆಯೂ ಬೆರಳೇ ಗುರುತು. ಆದರೆ ಮೊದಲನೆಯದು ಹಣವನ್ನು ಊರಿಗೆ ಹತ್ತಿರ ತಂದಿತು, ಎರಡನೆಯದು ಹಳೆಯ ಅಂಗಡಿಯಲ್ಲೇ ಇನ್ನೊಂದು ಷರತ್ತು ಸೇರಿಸಿತು.

ಯಂತ್ರಕ್ಕೂ ಗುರುತು

ದಾರಿ ಭದ್ರವಾದ ಮೇಲೆ ಮೋಸ ತುದಿಗೆ ಸರಿಯಿತು. ಒಮ್ಮೆ ಪಡೆದ ಬೆರಳಚ್ಚನ್ನು ಉಳಿಸಿಟ್ಟುಕೊಂಡು ಮತ್ತೆ ಮತ್ತೆ ಕಳಿಸುವ ಸಾಧ್ಯತೆ ಹಳೆಯ ಉಪಕರಣಗಳಲ್ಲಿತ್ತು. ಅದನ್ನು ತಡೆಯಲು ಪ್ರಾಧಿಕಾರ 2017ರಲ್ಲಿ ನೋಂದಾಯಿತ ಸಾಧನಗಳ ನಿಯಮ ತಂದಿತು. ಅಂದಿನಿಂದ ಬೆರಳು ಓದುವ ಪ್ರತಿಯೊಂದು ಉಪಕರಣಕ್ಕೂ ತನ್ನದೇ ಕೀಲಿ ಬಂತು. ಅದು ಓದಿದ ಬೆರಳಚ್ಚಿಗೆ ಅದೇ ಸಹಿ ಹಾಕಬೇಕಾಯಿತು. ಕೆಳಗಿನ ದರ್ಜೆಯಲ್ಲಿ ಈ ಕೆಲಸ ಯಂತ್ರದ ತಂತ್ರಾಂಶದಲ್ಲಿ ನಡೆಯುತ್ತದೆ. ಮೇಲಿನ ದರ್ಜೆಯಲ್ಲಿ ಚಿಪ್ಪಿನೊಳಗಿನ ಪ್ರತ್ಯೇಕ, ಹೊರಗಿನ ತಂತ್ರಾಂಶ ಕೈಹಾಕಲಾಗದ ಭಾಗದಲ್ಲಿ ನಡೆಯುತ್ತದೆ.

ಆದರೂ ಬೆರಳು ಗುಟ್ಟಲ್ಲ. ಮುಟ್ಟಿದ ಲೋಟದ ಮೇಲೆ, ಸಹಿ ಹಾಕಿದ ಕ್ರಯಪತ್ರದ ಮೇಲೆ ಅದರ ಅಚ್ಚು ಉಳಿಯುತ್ತದೆ. ನೋಂದಣಿ ದಾಖಲೆಗಳಲ್ಲಿನ ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ತೆಲುಗು ನಾಡಿನಲ್ಲೂ ಕರ್ನಾಟಕದಲ್ಲೂ ವರದಿಯಾದವು. ಹರ್ಷೆಲ್ ಮೋಸ ತಡೆಯಲು ಪತ್ರಗಳಿಗೆ ತಂದ ಗುರುತು ಹೀಗೆ ಮೋಸದ ಮೂಲವಾಯಿತು. 2023ರಲ್ಲಿ ಪ್ರಾಧಿಕಾರ, ಬೆರಳಿನ ಬಿಂದುಗಳ ಜೊತೆಗೆ ಚಿತ್ರವನ್ನೂ ಪರೀಕ್ಷಿಸಿ ಅದು ಜೀವಂತ ಬೆರಳೇ ಎಂದು ನೋಡುವ ಕ್ರಮ ಅಳವಡಿಸಿತು. ಸೋರಿದ ಕೀಲಿಯನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು ಎಂಬ ತೊಡಕು ಹಾಗೆಯೇ ಉಳಿದಿದೆ.

ಆಧಾರ್ ಕುರಿತ ಪ್ರಶ್ನೆಗಳನ್ನು ನ್ಯಾಯಾಲಯಕ್ಕೆ ಒಯ್ದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತು.

ಗಡಿ ದಾಟಿದ ಕಾರ್ಡು

ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡ ನೆಲ. ಶಿರಾ, ತುಮಕೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವುದು ಇಲ್ಲಿನ ಕುಟುಂಬಗಳಿಗೆ ಹೊಸತಲ್ಲ. ಕಾಗದದ ಕಾರ್ಡಿನ ಕಾಲದಲ್ಲಿ ಊರು ಬಿಟ್ಟರೆ ರೇಷನ್ನೂ ತಪ್ಪುತ್ತಿತ್ತು. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ 2019ರ ಆಗಸ್ಟಿನಲ್ಲಿ ಆಂಧ್ರ–ತೆಲಂಗಾಣ, ಗುಜರಾತ್–ಮಹಾರಾಷ್ಟ್ರ ಜೋಡಿಗಳಲ್ಲಿ ಆರಂಭವಾಯಿತು. 2020ರ ಜನವರಿ 1ರಿಂದ ಆಂಧ್ರ, ಕರ್ನಾಟಕ ಸೇರಿ ಹನ್ನೆರಡು ರಾಜ್ಯಗಳಿಗೆ ಹರಡಿತು. ಅಮರಾಪುರದ ಕಾರ್ಡಿಗೆ ಬೆಂಗಳೂರಿನ ಅಂಗಡಿಯಲ್ಲಿ ಅಕ್ಕಿ ಸಿಗುವುದು ಈ ಕಾರಣದಿಂದ. ಯಾವ ಅಂಗಡಿಯ ಯಂತ್ರವಾದರೂ ಅದೇ ಕೇಂದ್ರವನ್ನು ಕೇಳಬಲ್ಲದು ಎಂಬುದೇ ಇದರ ತಳಹದಿ. ಗಡಿಯಲ್ಲಿ ಸಿಮ್ ಪಕ್ಕದ ರಾಜ್ಯದ ಟವರನ್ನು ಹಿಡಿದರೂ ಭದ್ರತೆಗೆ ಕುಂದಿಲ್ಲ. ಬೀಗ ಟವರಿನದಲ್ಲ, ಎರಡು ತುದಿಗಳದ್ದು.

ಯಂತ್ರ ಅಂಗಡಿಯನ್ನೂ ಬಿಟ್ಟು ನಡೆಯಿತು. 2020ರ ಫೆಬ್ರವರಿಯಿಂದ ಆಂಧ್ರದಲ್ಲಿ ಗ್ರಾಮ ಸ್ವಯಂಸೇವಕರು ಮೊಬೈಲಿಗೆ ಬೆರಳು ಓದುವ ಉಪಕರಣ ಸಿಕ್ಕಿಸಿ ಪಿಂಚಣಿಯನ್ನು ಮನೆಬಾಗಿಲಿಗೆ ತಂದರು. 2024ರ ಜುಲೈಯಿಂದ ಆ ಕೆಲಸವನ್ನು ಗ್ರಾಮ ಸಚಿವಾಲಯಗಳ ನೌಕರರು ವಹಿಸಿಕೊಂಡರು. 2021ರ ಜನವರಿಯಲ್ಲಿ 9,260 ವಾಹನಗಳು ಇ-ಪಾಸ್ ಯಂತ್ರ ಹೊತ್ತು ಬೀದಿ ಬೀದಿಗೆ ಅಕ್ಕಿ ಒಯ್ದವು. 2025ರ ಜೂನ್ 1ರಿಂದ ಆ ಪದ್ಧತಿ ನಿಂತು ಹಂಚಿಕೆ ಮತ್ತೆ ಅಂಗಡಿಗೆ ಬಂತು. ವೃದ್ಧರಿಗೂ ಅಂಗವಿಕಲರಿಗೂ ಮಾತ್ರ ಮನೆಗೆ ತಲುಪಿಸುವ ಏರ್ಪಾಡು ಉಳಿಯಿತು. ಈ ನಡುವೆ 2022ರ ಏಪ್ರಿಲ್ 4ರಂದು ಅಮರಾಪುರವು ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಬೀಗದ ಆಯುಸ್ಸು

ಗುಪ್ತ ಸಂಪರ್ಕವನ್ನು ಒಮ್ಮೆ ಕಟ್ಟಿ ಬಿಟ್ಟರೆ ಸಾಲದು. 2008ರಲ್ಲಿ ಟಿಎಲ್‌ಎಸ್ 1.2, 2018ರಲ್ಲಿ 1.3 ಬಂದವು. ಹೊಸದರಲ್ಲಿ ಆರಂಭದ ಮಾತುಕತೆ ಎರಡು ಸುತ್ತಿನ ಬದಲು ಒಂದೇ ಸುತ್ತಿಗೆ ಮುಗಿಯುವುದರಿಂದ ದುರ್ಬಲ ಸಿಗ್ನಲ್ಲಿನ ಹಳ್ಳಿಗೆ ಅದು ಹೆಚ್ಚು ಉಪಕಾರಿ. 2021ರ ಮಾರ್ಚಿನಲ್ಲಿ 1.0 ಮತ್ತು 1.1 ಅಧಿಕೃತವಾಗಿ ಬಳಕೆಗೆ ಸಲ್ಲದವಾದವು. ಅದೇ ವರ್ಷ ಸೆಪ್ಟೆಂಬರ್ 30ರಂದು ಬಹಳ ಕಡೆ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ತಂತ್ರಾಂಶ ನವೀಕರಿಸದ ಹಳೆಯ ಉಪಕರಣಗಳು ಜಗತ್ತಿನಾದ್ಯಂತ ಸಂಪರ್ಕ ಕಳೆದುಕೊಂಡವು. ಅಂಗಡಿಯ ಯಂತ್ರದ ತಂತ್ರಾಂಶ, ಪ್ರಮಾಣಪತ್ರ, ಗಡಿಯಾರ, ಬ್ಯಾಟರಿಗಳನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದು ಅಕ್ಕಿಯ ಗೋದಾಮನ್ನು ನೋಡಿಕೊಂಡಷ್ಟೇ ಅಗತ್ಯದ ಕೆಲಸ.

ಈ ಎರಡು ದಶಕಗಳಲ್ಲಿ ಗೂಢಲಿಪಿ ಮೂರು ವಿಷಯಗಳನ್ನು ಖಚಿತಪಡಿಸಿತು: ಮಾತು ದಾರಿಯಲ್ಲಿ ಸೋರದು, ಉತ್ತರ ಕೊಟ್ಟದ್ದು ನಿಜವಾದ ಸರ್ವರ್, ಬೆರಳು ಓದಿದ್ದು ನೋಂದಾಯಿತ ಉಪಕರಣ. ಅರ್ಹರ ಪಟ್ಟಿ ಸರಿಯಿದೆಯೇ, ಸವೆದ ಬೆರಳಿನ ಕೂಲಿಗಾರನಿಗೆ ಬದಲಿ ದಾರಿ ತೆರೆದಿದೆಯೇ, ತೆಲುಗಿನ ರಸೀದಿಯನ್ನು ಕನ್ನಡದ ಮನೆಯವರು ಓದಿ ಪ್ರಶ್ನಿಸಬಲ್ಲರೇ ಎಂಬುದನ್ನು ಯಾವ ಕೀಲಿಯೂ ಖಚಿತಪಡಿಸದು. ಅವು ಇಲಾಖೆ, ಗ್ರಾಮಸಭೆ ಮತ್ತು ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆ. ಕೂಲಿಯೂ ಅಕ್ಕಿಯೂ ಸಲ್ಲಬೇಕಾದವರಿಗೆ ಸಂದದ್ದು ಬೀಗ ಮತ್ತು ಹೊಣೆ ಎರಡೂ ಒಟ್ಟಿಗೆ ಕೆಲಸ ಮಾಡಿದಲ್ಲಿ.